ಮಹಡಿ ಸಭೆಯ ಚೀಟಿಗಳು

ಮಕ್ಕಳೇ, ಹೋದ ವಾರ ನೀವಿಬ್ಬರೂ ಫೋನ್ ಹಿಡಿದುಕೊಂಡು ನನ್ನೆದುರು ಕೂತಿರಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಮ್ಮ ಸಭೆಯ ಹೊಸ ಶಾಖೆ ಶುರುವಾಗುತ್ತಿದೆ, ಅಲ್ಲಿ ತೋರಿಸುವ ವಿಡಿಯೋಗೆ ಹಳೆಯ ಕಾಲದ ಮಾತು ಬೇಕು ಅಂದಿರಿ. "ಆರು ಬೆರಳಿನ ಹುಡುಗಿ ಸಿಕ್ಕಿದಳಲ್ಲ, ಆ ಅದ್ಭುತ ಹೇಳಜ್ಜಿ. ನೀನು ಅಲ್ಲೇ ಇದ್ದೆಯಂತೆ." ನಾನು ಎದ್ದು ಅಡುಗೆಮನೆಗೆ ಹೋದೆ. ಅಜ್ಜಿಗೆ ನಾಚಿಕೆ ಅಂದುಕೊಂಡು ನೀವು ನಕ್ಕು ಎದ್ದು ಹೋದಿರಿ. ನಾಚಿಕೆ ಇರುವುದು ನಿಜ. ಏಳನೇ ಕ್ಲಾಸಿನವರೆಗೆ ಊರಿನ ಶಾಲೆಯಲ್ಲಿ ಓದಿದೆ, ಒಂದು ದಿನವೂ ಎದ್ದು ನಿಂತು ಪಾಠ ಓದಿದವಳಲ್ಲ. ಆದರೆ ಬರೆಯುವುದು ಬರುತ್ತದೆ. ಆ ಹುಡುಗಿಯ ವಿಷಯದಲ್ಲಿ ಕೆಟ್ಟದ್ದೆಲ್ಲ ಆದದ್ದು ನಾನು ಬರೆದದ್ದರಿಂದಲೇ. ಆದ್ದರಿಂದ ಇದನ್ನೂ ಬರೆದೇ ಕೊಡುತ್ತೇನೆ.

ನೀವು ಪಾಸ್ಟರ್ ತಾತ ಅನ್ನುವುದು ನನ್ನ ತಮ್ಮನನ್ನು. ಅವನು ಪೀಣ್ಯದಲ್ಲಿ ಲೇತ್ ಮಿಷಿನ್ ಕೆಲಸ ಮಾಡುತ್ತಿದ್ದ. ಭಾನುವಾರ ಪೇಟೆಯ ದೊಡ್ಡ ಚರ್ಚಿಗೆ ಹೋಗುತ್ತಿದ್ದೆವು. ಅಲ್ಲಿ ಬೆಂಚು, ಫ್ಯಾನು, ಒಳ್ಳೆಯ ಹಾಡು ಎಲ್ಲ ಇತ್ತು. ಆದರೆ ನಮ್ಮ ಕಡೆಯ ಗಾರ್ಮೆಂಟ್ಸ್ ಹೆಂಗಸೊಬ್ಬಳು ಬಂದರೆ ಬಾಗಿಲ ಹತ್ತಿರವೇ ನಿಂತು, ಬಾಗಿಲ ಹತ್ತಿರದಿಂದಲೇ ಹೋಗಿಬಿಡುತ್ತಿದ್ದಳು. "ಅಲ್ಲಿ ನಮ್ಮ ಜನ ಚಪ್ಪಲಿ ಕಾಯೋರ ತರ ಕಾಣ್ತಾರಕ್ಕ" ಅಂದು ತಮ್ಮ ಅದನ್ನು ಬಿಟ್ಟ. ರಾಜಗೋಪಾಲನಗರದಲ್ಲಿ ಒಂದು ಪಾಲಿಶಿಂಗ್ ಶಾಪಿನ ಮೇಲೆ ತಗಡಿನ ಚಾವಣಿಯ ಮಹಡಿ ಬಾಡಿಗೆಗೆ ಹಿಡಿದು ಸಭೆ ಶುರು ಮಾಡಿದ. ಕೆಳಗಿನ ಶಾಪಿನ ಕರಿ ಪುಡಿ ಎಷ್ಟು ಗುಡಿಸಿದರೂ ಚಾಪೆಗೆ ಬಂದು ಕೂರುತ್ತಿತ್ತು. ಆರಾಧನೆ ಮುಗಿಸಿ ಎದ್ದವರ ಸೀರೆಯ ಹಿಂಭಾಗ ನೋಡಿದರೆ ನಮ್ಮ ಸಭೆಯವರು ಅಂತ ಬೀದಿಯಲ್ಲಿ ಯಾರಾದರೂ ಹೇಳಬಹುದಿತ್ತು.

ಮೊದಲ ತಿಂಗಳು ಏಳು ಜನ. ಅದರಲ್ಲಿ ನಾಲ್ಕು ಜನ ನಮ್ಮ ಮನೆಯವರೇ. ತಮ್ಮ ಬಸ್ ಸ್ಟಾಪಿನಲ್ಲಿ ಮೈಕ್ ಹಿಡಿದು ನಿಂತ. ಜನ ಬಸ್ಸು ಬರುವ ದಿಕ್ಕು ನೋಡುತ್ತ ನಿಂತಿದ್ದರು. ಕರಪತ್ರ ಹಂಚಿದ. ಅದರಲ್ಲಿ ಹೆಂಗಸರು ಮಿಷಿನ್ನಿನ ಎಣ್ಣೆ ಒರೆಸಿದರು. ಒಂದು ದಿನ ಕುಡಿದವನೊಬ್ಬ ಮೈಕ್ ಕಿತ್ತುಕೊಂಡು ತನ್ನ ಹೆಂಡತಿಯ ಮೇಲೆ ದೂರು ಹೇಳಿದ. ಆಗ ಮಾತ್ರ ಇಡೀ ಸ್ಟಾಪು ತಿರುಗಿ ಕೇಳಿಸಿಕೊಂಡಿತು.

ತಮ್ಮ ಅದನ್ನು ಗಮನಿಸಿದ. ಆ ವಾರವೆಲ್ಲ ಯೋಚನೆ ಮಾಡಿದ. ಶನಿವಾರ ನನ್ನ ರೂಮಿಗೆ ಬಂದು ಕೂತು, "ನಾವು ಹೇಳೋದು ಜಾಸ್ತಿ ಆಯ್ತು ಅಕ್ಕ. ತಲೆತಲಾಂತರದಿಂದ ಬರೀ ಹೇಳ್ತಾನೇ ಇದೀವಿ. ನಿಂಗೇನು ಕಷ್ಟ ಅಂತ ಒಬ್ಬರನ್ನಾದ್ರೂ ಕೇಳಿದ್ದೀವಾ? ಇನ್ಮೇಲೆ ಕೇಳೋಣ" ಅಂದ. ಆಮೇಲೆ ನಿಯಮ ಮಾಡಿದ. ಭಾನುವಾರ ಮಧ್ಯಾಹ್ನ, ಹೆಂಗಸರು ಬಟ್ಟೆ ಒಗೆಯುವ, ನೀರು ಹಿಡಿಯುವ ಹೊತ್ತಿಗೆ, ಇಬ್ಬರು ಹೆಂಗಸರು ವಠಾರಗಳಿಗೆ ಹೋಗಬೇಕು. ಬೈಬಲ್ ಕೈಯಲ್ಲಿ ಇರಬಾರದು. ಮಂಚದ ಮೇಲೆ ಕೂರಬಾರದು. ಕೊಟ್ಟ ನೀರು ಕುಡಿದು, "ನಿಮಗೋಸ್ಕರ ಏನಂತ ಪ್ರಾರ್ಥನೆ ಮಾಡಲಿ?" ಅಂತ ಒಂದೇ ಮಾತು ಕೇಳಿ ಸುಮ್ಮನಾಗಬೇಕು. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ತಂದರೆ, ಮುಂದಿನ ಭಾನುವಾರ ಅವನು ಸಭೆಯಲ್ಲಿ ಓದುತ್ತಾನೆ, ಎಲ್ಲರೂ ಪ್ರಾರ್ಥನೆ ಮಾಡುತ್ತಾರೆ.

ಮಾತಾಡುವ ಕೆಲಸ ನಾದಿನಿಯದು, ತಮ್ಮನ ಹೆಂಡತಿಯದು. ಬರೆಯುವುದು ನನ್ನದು. ನಾನು ಆಗ ವಿಧವೆಯಾಗಿ ಮೂರು ವರ್ಷ. ಗಾರ್ಮೆಂಟ್ಸಿನಿಂದ ಬರುವ ಬಟ್ಟೆಗೆ ಮನೆಯಲ್ಲೇ ನೂಲು ಕತ್ತರಿಸಿ ಕೊಡುತ್ತಿದ್ದೆ. ದಿನಕ್ಕೆ ಹತ್ತು ಮಾತೂ ಆಡುತ್ತಿರಲಿಲ್ಲ.

ಮೊದಮೊದಲು "ಕಾಲು ನೋವು", "ಮಗನಿಗೆ ಕೆಲಸ" ಅಂತ ಬರೆದೆ. ತಮ್ಮ ಓದಿದ, ಜನ ಆಕಳಿಸಿದರು. "ಅಕ್ಕ, ದೇವರಿಗೆ ಇಷ್ಟು ಸಾಕು. ಜನದ ಮನಸ್ಸು ಕರಗಬೇಕಲ್ಲ. ಹೆಸರು ಬೇಡ, ಕಷ್ಟ ಪೂರ್ತಿ ಬರಿ" ಅಂದ. ಮರುವಾರ ಇಸ್ತ್ರಿ ವಿಭಾಗದ ಒಬ್ಬ ಹೆಂಗಸಿನ ಚೀಟಿ ಬರೆದೆ. ಹತ್ತು ಗಂಟೆ ನಿಂತು ಕಾಲು ಊದಿ, ಮನೆಗೆ ಬಂದ ಮೇಲೆ ಮೊಣಕಾಲೂರಿ ಒಲೆ ಮುಂದೆ ಅಡುಗೆ ಮಾಡುತ್ತಾಳೆ, ಅತ್ತೆ ಬಂದರೆ ಮಾತ್ರ ಎದ್ದು ನಿಲ್ಲುತ್ತಾಳೆ ಅಂತ. ತಮ್ಮ ಓದುತ್ತಿದ್ದಾಗ ಮಹಡಿಯಲ್ಲಿ ಒಬ್ಬರೂ ಆಕಳಿಸಲಿಲ್ಲ. ಒಬ್ಬ ಗಂಡಸು ಕಣ್ಣೊರೆಸಿಕೊಂಡ. ನನ್ನ ಮಾತು ಅವನ ದೊಡ್ಡ ದನಿಯಲ್ಲಿ ತಗಡಿಗೆ ತಾಗಿ ನನ್ನ ಕಿವಿಗೇ ಬಂತು. ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ನಾಲ್ಕು ತಿಂಗಳಲ್ಲಿ ಕೂರಲು ಜಾಗವಿಲ್ಲದಾಯಿತು. ಬೀದಿಯವರು ಚೀಟಿ ಸಭೆ ಅನ್ನತೊಡಗಿದರು. ತಮ್ಮ ಪ್ರಸಂಗ ಮಾಡುವ ಹೊತ್ತಿಗೆ ಕೆಲವರು ಕೆಳಗೆ ಹೋಗಿ ಟೀ ಕುಡಿದು, ಚೀಟಿಯ ಹೊತ್ತಿಗೆ ಮೇಲೆ ಬರುತ್ತಿದ್ದರು. "ಪಾಸ್ಟ್ರೇ, ನಿಮ್ಮ ಮಾತು ಆಮೇಲಿರಲಿ, ಮೊದಲು ಚೀಟಿ ಓದ್ಬಿಡಿ" ಅಂತ ಒಬ್ಬ ಕೂಗಿಯೂ ಕೂಗಿದ. ಮೆಟ್ಟಿಲಿಳಿಯುವಾಗ ಒಬ್ಬಳು ಇನ್ನೊಬ್ಬಳಿಗೆ, "ಸೀರಿಯಲ್‌ಗಿಂತ ಚೆನ್ನಾಗಿತ್ತು ಕಣೇ ಇವತ್ತು" ಅಂದದ್ದು ನನಗೆ ಕೇಳಿಸಿತು. ಬೇಜಾರಾಗಬೇಕಿತ್ತು. ಹೆಮ್ಮೆಯಾಯಿತು. ನಾದಿನಿಯ ಜೊತೆ ಹೋದ ಮನೆಯಲ್ಲಿ "ದೇವರು ಚೆನ್ನಾಗಿಟ್ಟಿದ್ದಾನಕ್ಕ" ಅಂದರೆ ನನಗೆ ಪಿಚ್ಚೆನ್ನುತ್ತಿತ್ತು. ಹೊರಗೆ ಬಂದ ಮೇಲೆ, "ಇವಳು ಏನೋ ಮುಚ್ಚಿಡ್ತಿದ್ದಾಳೆ" ಅನ್ನುತ್ತಿದ್ದೆ. ಅಂಥವಳಾಗಿಬಿಟ್ಟಿದ್ದೆ ನಿಮ್ಮ ಅಜ್ಜಿ.

ಭಾನುವಾರವೂ ಫ್ಯಾಕ್ಟರಿಯಲ್ಲಿ ಶಿಪ್‌ಮೆಂಟ್ ಅಂತ ದುಡಿಯುವ ಹೆಂಗಸರಿಗಾಗಿ ತಮ್ಮ ಚೀಟಿ ಓದಿದ್ದನ್ನು ಫೋನಿನಲ್ಲಿ ಹಿಡಿದು ವಾಟ್ಸಾಪ್ ಗುಂಪಿಗೆ ಹಾಕುವುದನ್ನೂ ಶುರು ಮಾಡಿದ. ಅದು ಅಲ್ಲಿಂದ ಇನ್ನೊಂದು ಗುಂಪಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಿತ್ತು. ಎಲ್ಲೆಲ್ಲಿಗೆ ಅಂತ ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಷ್ಟು ದೂರ ಹೋಗುತ್ತದೆ ಅನ್ನುವುದೇ ಅವನಿಗೆ ಖುಷಿ.

ಆಗ ನನ್ನ ಪಕ್ಕದ ರೂಮಿಗೆ ಒಬ್ಬಳು ಬಂದಳು. ವಿಜಯಪುರದ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಟೈಲರ್, ಮೂವತ್ತು ವರ್ಷವೂ ಇರಲಾರದು. ಜೊತೆಗೆ ಆರು ವರ್ಷದ ಮಗಳು. ಮಗುವಿನ ಎಡಗೈಯಲ್ಲಿ ಕಿರುಬೆರಳ ಪಕ್ಕ ಇನ್ನೊಂದು ಪುಟ್ಟ ಬೆರಳು. ಬೆರಳೆಣಿಸಿ ಲೆಕ್ಕ ಮಾಡಿದರೆ ಅವಳದು ಯಾವಾಗಲೂ ಹನ್ನೊಂದಕ್ಕೆ ನಿಲ್ಲುತ್ತಿತ್ತು. ತಾಯಿ ಕೆಲಸದಿಂದ ಬರುವವರೆಗೆ ಮಗು ನನ್ನ ಹತ್ತಿರ ಇರುತ್ತಿತ್ತು. ನಾನು ನೂಲು ಕತ್ತರಿಸಿದ ಬಟ್ಟೆಯನ್ನು ಮಡಿಸಿ ಕೊಡುತ್ತಿತ್ತು.

ತಾಯಿ ಸಭೆಗೆ ಬರುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಇದ್ದವಳು, ನಾವೂ ಕರೆಯಲಿಲ್ಲ. ಒಂದು ಸಂಜೆ ಹಿಟ್ಟು ನಾದುತ್ತ ಅವಳೇ ಹೇಳಿಕೊಂಡಳು. ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತ. ತಿಥಿ ಮುಗಿದ ಮೇಲೆ ಊರ ಹಿರಿಯರು ಕೂತು, ಇವಳು ಬೇಕಾದರೆ ತವರಿಗೆ ಹೋಗಲಿ, ಮಗು ಮನೆತನದ್ದು, ಅತ್ತೆ ಮಾವನ ಹತ್ತಿರವೇ ಇರಬೇಕು ಅಂದರು. ಇವಳು ಆಸ್ಪತ್ರೆಗೆ ಅಂತ ಹೇಳಿ ಮಗುವನ್ನು ಎತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು. ಹಳೆಯ ಸಿಮ್ ಬಿಸಾಡಿದಳು. ತವರಿನವರಿಗೂ ವಿಳಾಸ ಕೊಟ್ಟಿರಲಿಲ್ಲ.

"ಸಿಕ್ಕರ ಒಯ್ದಬಿಡ್ತಾರ್ರೀ ಅಮ್ಮಾರ. ಒಯ್ದರ ಮುಗೀತು, ನನಗ ಮತ್ತ ಮುಖ ತೋರಸಂಗಿಲ್ಲ" ಅಂದಳು.

ನಾನು ಅಭ್ಯಾಸಬಲದಿಂದ, "ಏನಂತ ಪ್ರಾರ್ಥನೆ ಮಾಡಲಿ?" ಅಂದೆ.

"ನಿಮ್ಮ ದೇವರಿಗೆ ನೀವೊಬ್ರೇ ಹೇಳ್ರಿ. ಮ್ಯಾಲ ಮಹಡಿ ಮ್ಯಾಲ ಬ್ಯಾಡ."

ಆಗಲಿ ಅಂದೆ. ಮೂರು ವಾರ ತಡೆದುಕೊಂಡೆ. ನಾಲ್ಕನೆಯ ವಾರ ನನ್ನ ಕೈಯಲ್ಲಿ ಎರಡೇ ಚೀಟಿ ಇದ್ದವು. ಒಂದು ಮೂಲವ್ಯಾಧಿ, ಒಂದು ಬಾಡಿಗೆ. ತಮ್ಮ, "ಏನಕ್ಕ, ಈ ವಾರ ಸಪ್ಪೆ" ಅಂದಿದ್ದ. ಶನಿವಾರ ಕೂತು ಅವಳ ಚೀಟಿ ಬರೆದೆ. ಹೆಸರು ಹಾಕಲಿಲ್ಲ, ಊರು ಹಾಕಲಿಲ್ಲ, ಅಷ್ಟರಿಂದಲೇ ಕೊಟ್ಟ ಮಾತು ಉಳಿಸಿಕೊಂಡೆ ಅಂದುಕೊಂಡೆ. ಕೃಷ್ಣಾ ನದಿಯ ಕಡೆಯಿಂದ ಓಡಿಬಂದು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಒಬ್ಬ ಸಹೋದರಿ, ಟ್ರ್ಯಾಕ್ಟರ್ ಕೆಳಗೆ ಹೋದ ಗಂಡ, ಬೆರಳೆಣಿಸಿದರೆ ಹನ್ನೊಂದು ಬರುವ ಮಗು. ಹನ್ನೊಂದು ಅನ್ನುವುದನ್ನು ಹೊಡೆದುಹಾಕಬೇಕು ಅಂತ ಒಂದು ಸಲ ಅನ್ನಿಸಿತು. ಆ ಸಾಲೇ ಚೆನ್ನಾಗಿತ್ತು. ಬಿಟ್ಟೆ.

ಅವತ್ತು ಮಹಡಿಯಲ್ಲಿ ಅಳದವರಿರಲಿಲ್ಲ. ಸಾಯಂಕಾಲಕ್ಕೆ ಅದು ಫೋನುಗಳಲ್ಲಿ ಹೋಯಿತು.

ಬುಧವಾರ ಅವಳು ಕೆಲಸದಿಂದ ನೇರ ನನ್ನ ಬಾಗಿಲಿಗೆ ಬಂದಳು. ಕೊರಳಲ್ಲಿ ಫ್ಯಾಕ್ಟರಿಯ ಕಾರ್ಡು ಹಾಗೇ ಇತ್ತು. "ಅಮ್ಮಾರ, ಕಟಿಂಗ್‌ನ್ಯಾಗ ಒಬ್ಬಾಕಿ ಊಟದ ಹೊತ್ತಿನ್ಯಾಗ ಹೇಳಾಕತ್ತಿದ್ಲು. ಯಾವುದೋ ಸಭಾದಾಗ ಹನ್ನೊಂದು ಬೆರಳಿನ ಕೂಸಿನ ಕಥಿ ಓದಿದ್ರಂತ. ನಮ್ಮದಲ್ಲ ಹೌದಲ್ರೀ?"

ನಾನು ಬಟ್ಟೆಯಿಂದ ಕಣ್ಣೆತ್ತದೆ, "ಇಲ್ಲ ಕಣಮ್ಮ. ಬೇರೆ ಕಡೆಯಿಂದ ಬಂದ ಚೀಟಿ ಅದು. ಆರು ಬೆರಳು ಎಷ್ಟೋ ಮಕ್ಕಳಿಗಿರುತ್ತೆ" ಅಂದೆ.

"ನನ್ನ ಜೀವಾ ಹೋಗಿತ್ತು ನೋಡ್ರಿ. ಬೊಮ್ಮನಹಳ್ಳಿಯಾಗ ಗೆಳತಿ ಅದಾಳ, ಇವತ್ತ ಗಂಟು ಕಟ್ಟಿಕೊಂಡು ಅಲ್ಲಿಗೆ ಹೋಗಿಬಿಡೂಣು ಅಂತ ಮಾಡಿದ್ದೆ. ನೀವು ಅಂದ್ರ ಖರೇ ಇರ್ತೈತಿ." ನಕ್ಕಳು. ಮಗುವನ್ನು ಕರೆದುಕೊಂಡು ಒಳಗೆ ಹೋದಳು. ಅವಳು ಒಗ್ಗರಣೆ ಹಾಕಿದ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ಎದ್ದು ಹೋಗಿ ನಿಜ ಹೇಳಬೇಕು ಅಂತ ಎರಡು ಸಲ ಬಾಗಿಲವರೆಗೆ ಹೋದೆ. ಬೈಯುತ್ತಾಳೆ ಅನ್ನುವ ಭಯವೊಂದೇ ನನ್ನನ್ನು ನಿಲ್ಲಿಸಿದ್ದು. ಬೇರೆ ಕಾರಣ ಹುಡುಕಬೇಡಿ.

ಆ ಭಾನುವಾರ ಅವಳಿಗೆ ಶಿಪ್‌ಮೆಂಟ್. ಮಗುವನ್ನು ನಾನೇ ಸಭೆಗೆ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸಿಕೊಂಡಿದ್ದೆ. ಹಾಡು ಮುಗಿದ ಮೇಲೆ ತಮ್ಮ ಎದ್ದು ನಿಂತು ಕೇಳಿದ.

"ಹೋದ ಭಾನುವಾರ ಒಂದು ಮಗುವಿನ ಚೀಟಿ ಓದಿದ್ದೆ. ಮರೆತಿಲ್ಲ ತಾನೆ?"

"ಇಲ್ಲ" ಅಂತ ಎಲ್ಲರೂ ಅಂದರು.

"ಕರ್ತನು ಉತ್ತರ ಕೊಟ್ಟಿದ್ದಾನೆ. ಇಲ್ಲೇ ಕೂತಿದೆ ಉತ್ತರ."

ಮುಂದಿನ ಸಾಲಿನಿಂದ ಒಬ್ಬ ಮುದುಕ, ಒಬ್ಬ ಮುದುಕಿ ಎದ್ದರು. ಮುದುಕನ ಹಣೆಯಲ್ಲಿ ವಿಭೂತಿ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಇಂಥ ಜಾಗದಲ್ಲಿ ಏನು ಮಾತಾಡಬೇಕೋ ತಿಳಿಯದೆ ಜನಕ್ಕೆಲ್ಲ ಕೈಮುಗಿದ. "ನಮಗ ಇದ್ದದ್ದು ಒಂದ ಕೂಸರಿ. ಎಂಟು ತಿಂಗಳಾತು ಮಾರಿ ನೋಡಿಲ್ಲ. ಫೋನಿನ್ಯಾಗ ನಿಮ್ಮ ಮಾತು ಕೇಳಿ ಬಂದ್ವಿ" ಅಂದ. ಮುದುಕಿಗೆ ಅಷ್ಟೂ ಆಗಲಿಲ್ಲ. ಸೆರಗು ಒಡ್ಡಿ ನಿಂತಳು. ಕೆಟ್ಟವರು ಅಂತ ಬರೆದರೆ ನನಗೆ ಸುಲಭವಾಗುತ್ತಿತ್ತು. ಅವರ ಮುಖ ನೋಡಿದವಳು ನಾನು, ಹಾಗೆ ಬರೆಯಲಾರೆ.

ಮುದುಕಿಯನ್ನು ಕಂಡು "ಆಯೀ!" ಅಂತ ಮಗು ಕಿರುಚಿತು. ನನ್ನ ಕೈಯನ್ನು ಎಳೆಯಿತು. ಗಟ್ಟಿಯಾಗಿ ಹಿಡಿದುಕೊಂಡು, ಇವಳ ತಾಯಿ ಬರುವವರೆಗೆ ಯಾರೂ ಮುಟ್ಟಬೇಡಿ ಅನ್ನಬಹುದಿತ್ತು. ನೂರು ಮುಖಗಳು ನನ್ನ ಕಡೆ ತಿರುಗಿದ್ದವು. ಆ ಮುಖಗಳಿಗೆ ಹೆದರಿ ಕೈ ಬಿಟ್ಟೆ. ಮಗು ಚಾಪೆಗಳ ಮೇಲೆ ಓಡಿತು. ಚಪ್ಪಾಳೆ, ಸ್ತೋತ್ರ, ಅಳು. ನಾದಿನಿ ಬಂದು ನನ್ನನ್ನು ತಬ್ಬಿಕೊಂಡು, "ನಿಮ್ಮ ಚೀಟಿ ಅಕ್ಕ, ನಿಮ್ಮ ಚೀಟಿ" ಅಂದಳು.

ನಾನು ತಮ್ಮನನ್ನು ಮೆಟ್ಟಿಲ ಹತ್ತಿರ ಹಿಡಿದೆ. "ನಿಂಗೆ ಮುಂಚೇನೇ ಗೊತ್ತಿತ್ತಾ?"

"ನಿನ್ನೆ ಬಂದಿದ್ರು. ಬೆರಳಿನ ಗುರುತು ಹೇಳಿದ್ರು, ನಿನ್ನ ಹತ್ರ ಇರೋ ಮಗೂನೇ ಅಂತ ಗೊತ್ತಾಯ್ತು. ನಿಂಗೆ ಹೇಳಿದ್ರೆ ಅವಳ ಕಿವಿಗೆ ಹಾಕ್ತಿದ್ದೆ. ಆ ಮುದುಕಿ ಅಳೋದೂ ಅಳುವೇ ತಾನೆ? ಸಾಯಂಕಾಲ ಅವಳು ಬರಲಿ, ಎಲ್ಲರನ್ನೂ ಕೂರಿಸಿ ಒಂದು ಮಾಡ್ತೀನಿ. ಅತ್ತೆ ಸೊಸೆ ಒಟ್ಟಿಗೆ ಊಟ ಮಾಡೋ ಹಾಗೆ ಮಾಡ್ತೀನಿ, ನೋಡ್ತಿರು."

ಅವನು ಅದನ್ನು ನಂಬಿದ್ದ. ಮುದುಕನೂ "ಆತ್ರಿ, ಸಂಜೀಕೆ ಕೂಡೂಣು" ಅಂದ. ಅಷ್ಟರಲ್ಲಿ ಮಗುವಿಗೆ ಒಂದು ಫ್ರಾಕು ಕೊಡಿಸಿಕೊಂಡು ಬರುತ್ತೇವೆ ಅಂತ ಕೆಳಗಿಳಿದರು. ಬೀದಿಯ ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡಿದ್ದರು. ಮಗು ಅದರ ಕಿಟಕಿಯಿಂದ ನನಗೆ, "ಹೋಗಿ ಬರ್ತೀನಜ್ಜಿ" ಅಂದಿತು. ನಮ್ಮ ಕಡೆಯ ಮಾತು ಕಲಿತುಬಿಟ್ಟಿತ್ತು.

ತಾಯಿ ಬಂದಾಗ ನಾಲ್ಕೂವರೆ. ಜೀಪು ವಾಪಸು ಬಂದಿರಲಿಲ್ಲ. "ಕೂಸೆಲ್ಲಿ?" ಅಂದಳು. ನಾನು ಬಾಗಿಲು ಹಿಡಿದುಕೊಂಡು ಹೇಳಿದೆ. ಅವಳು ಅಳಲಿಲ್ಲ, ಕೂಗಲಿಲ್ಲ.

"ಬುಧವಾರ ಕೇಳಿದ್ನಲ್ರೀ."

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ಅವಳು ಒಳಗೆ ಬರಲಿಲ್ಲ.

"ಕೇಳಿದ್ನೋ ಇಲ್ಲೋ? ಅವತ್ತ ಖರೇ ಹೇಳಿದ್ರ ಬೈತಿದ್ದೆ. ಬೈದು ಹೋಗ್ತಿದ್ದೆ. ನಾಕು ದಿನ ಇತ್ತಲ್ರೀ ನನಗ."

ಪೊಲೀಸ್ ಸ್ಟೇಷನ್ನಿಗೆ ಹೋದಳು. ಅಜ್ಜ ಅಜ್ಜಿ ಕರೆದುಕೊಂಡು ಹೋದರೆ ಕಳ್ಳತನವೇನಮ್ಮ, ಮನೆ ಜಗಳ, ಕೋರ್ಟಿಗೆ ಹೋಗು ಅಂದರಂತೆ. ಊರಿಗೆ ಹೋದಳು. ಇಲ್ಲಿ ತಮ್ಮ ಮರುವಾರವೇ ಆ ಅದ್ಭುತವನ್ನು ಸಾಕ್ಷಿಯಾಗಿ ಹೇಳಿ ಫೋನಿನಲ್ಲಿ ಹಾಕಿದ. ಲಗ್ಗೆರೆ, ಹೆಗ್ಗನಹಳ್ಳಿಯಿಂದೆಲ್ಲ ಜನ ಬಂದರು. ಕೂರಲು ಜಾಗ ಸಾಲದೆ ಮೆಟ್ಟಿಲ ಮೇಲೂ ಚಾಪೆ ಹಾಕಿದೆವು.

ಹದಿನೈದು ದಿನದ ಮೇಲೆ ಶನಿವಾರ ಅವಳು ಒಬ್ಬಳೇ ವಾಪಸು ಬಂದಳು. ತುಟಿ ಒಡೆದಿತ್ತು. ಹೊಸ್ತಿಲು ದಾಟಲು ಬಿಡಲಿಲ್ಲ, ಕೂಸಿನ ದನಿ ಒಳಗಿನಿಂದ ಕೇಳಿಸಿತು ಅಂದಳು. ಆಮೇಲೆ ನನ್ನೆದುರು ನೆಲದ ಮೇಲೆ ಕೂತಳು.

"ನೀವು ಚಲೋ ಬರೀತೀರಂತ. ಈಗ ಒಂದು ಬರೀರಿ. ಹೆಸರು ಹಾಕಿ ಬರೀರಿ. ನಂದು, ಕೂಸಿಂದು, ಮಾವಂದು, ಊರು, ಎಲ್ಲಾ. ನಿಮ್ಮ ತಮ್ಮ ಓದ್ಲಿ. ಫೋನಿನ್ಯಾಗ ಎಲ್ಲಾ ಕಡೆ ಹೋಗ್ತೈತಲ್ಲ, ನಮ್ಮೂರಿಗೂ ಹೋಗ್ಲಿ. ತಾಯಿ ಕೂಸು ಕೇಳಾಕತ್ತಾಳ ಅಂತ ಮಂದಿಗೆ ಗೊತ್ತಾಗ್ಲಿ. ನಾಚಿಗಿ ಬಿದ್ದಾದ್ರೂ ಕೊಟ್ಟಾರು."

ಬರೆದೆ. ಅವಳು ಹೇಳಿದಂತೆಯೇ, ನನ್ನದೊಂದು ಮಾತೂ ಸೇರಿಸದೆ. ಓದಿ ಹೇಳ್ರಿ ಅಂದಳು, ಓದಿದೆ. ತಲೆಯಾಡಿಸಿದಳು.

ಮಾರನೆಯ ದಿನ ಅವಳು ಮೊದಲ ಸಲ ಮಹಡಿ ಹತ್ತಿದಳು. ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಎಲ್ಲರಿಗಿಂತ ಮುಂದೆ ಕೂತಳು. ನಾನು ಚೀಟಿಗಳನ್ನು ತಮ್ಮನ ಬೈಬಲಿನ ಪಕ್ಕ ಇಟ್ಟು ಹಿಂದೆ ಹೋಗಿ ಕೂತೆ. ಅವಳದನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೆ. ತಮ್ಮ ಅದನ್ನೇ ಮೊದಲು ತೆಗೆದುಕೊಂಡ. ಕಣ್ಣಾಡಿಸಿದ. ಎದುರಿಗೆ ಕೂತವಳನ್ನು ನೋಡಿದ. ಮಡಿಸಿ ಬೈಬಲಿನ ಅಡಿಗೆ ಇಟ್ಟು ಎರಡನೆಯದನ್ನು ಓದಿದ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ತನ್ನದು ಯಾವುದು ಅಂತ ತಿಳಿಯದೆ ಪ್ರತಿ ಚೀಟಿಗೂ ಕತ್ತು ಮುಂದೆ ಚಾಚುತ್ತಿದ್ದಳು. ಕಿಡ್ನಿ ಕಲ್ಲಿನ ಚೀಟಿಗೆ ಚಾಚಿದಳು. ಅಳಿಯ ಕುಡಿಯುವ ಚೀಟಿಗೆ ಚಾಚಿದಳು. ಒಂಬತ್ತು ಚೀಟಿ ಓದಿ ಮುಗಿಸಿ ತಮ್ಮ, "ಕಣ್ಣು ಮುಚ್ಚಿರಿ" ಅಂದ. ಎಲ್ಲರೂ ಮುಚ್ಚಿದರು. ಅವಳು ತೆರೆದುಕೊಂಡೇ ಇದ್ದಳು, ನಾನೂ ತೆರೆದುಕೊಂಡೇ ಇದ್ದೆ. "ಇನ್ನೊಂದು ಚೀಟಿ ಇದೆ" ಅನ್ನಬೇಕಿತ್ತು. ಮೂರು ಮಾತು. ಬಾಯಲ್ಲಿ ಜೋಡಿಸಿಕೊಂಡೆ, ಎದ್ದು ನಿಲ್ಲಲು ಕೈಯನ್ನೂ ನೆಲಕ್ಕೆ ಊರಿದೆ. ಅಷ್ಟರಲ್ಲಿ ಆಮೆನ್ ಅಂದರು.

ಅವಳು ಪಕ್ಕದವಳನ್ನು ಕೇಳಿದಳು, "ಮುಗೀತೇನ್ರೀ?"

"ಮುಗೀತಕ್ಕ. ಕೈ ತೊಳ್ಕೊಳ್ಳಿ, ಊಟ ಇದೆ."

ನಾದಿನಿ ಅವಳಿಗೆ ತಟ್ಟೆ ಕೊಟ್ಟಳು. ಊರಿನಿಂದ ಬಂದ ಮೇಲೆ ಏನು ತಿಂದಿದ್ದಳೋ, ಅನ್ನ ಸಾರು ಎರಡು ಸಲ ಹಾಕಿಸಿಕೊಂಡು ಉಂಡಳು. ತಟ್ಟೆ ತೊಳೆದು ಬೋರಲು ಹಾಕಿದಳು. ನನ್ನ ಕಡೆ ನೋಡದೆ ಇಳಿದು ಹೋದಳು.

ಎಲ್ಲರೂ ಹೋದ ಮೇಲೆ ತಮ್ಮನನ್ನು ಕೇಳಿದೆ. ಅವನಿಗೆ ಸಿಟ್ಟು ಬಂತು. "ಅದನ್ನ ಓದಿದ್ರೆ ಅವತ್ತು ಚಪ್ಪಾಳೆ ಹೊಡೆದ ಜನಕ್ಕೆ ಏನು ಹೇಳ್ಲಿ? ನಮ್ಮದು ತಪ್ಪಾಯ್ತು ಅಂತಲಾ? ಇಷ್ಟು ಜನ ಹೊಸದಾಗಿ ನಂಬಿಕೆಗೆ ಬಂದಿದ್ದಾರೆ, ಅವರನ್ನ ಎಡವಿಸ್ಲಾ? ಒಬ್ಬಳಿಗೋಸ್ಕರ?" ಚೀಟಿ ಎಲ್ಲಿ ಅಂದೆ. ಜೇಬು ತಟ್ಟಿ ತೋರಿಸಿದ. "ನಾನೊಬ್ಬನೇ ಇದಕ್ಕೆ ಪ್ರಾರ್ಥನೆ ಮಾಡ್ತೀನಿ ಬಿಡು."

ಮಂಗಳವಾರ ಪಕ್ಕದ ರೂಮು ಖಾಲಿಯಾಗಿತ್ತು. ಬೊಮ್ಮನಹಳ್ಳಿಗೆ ಹೋದಳು ಅಂತ ಒಬ್ಬರು, ತಿರುಗಿ ಊರಿಗೇ ಹೋದಳು ಅಂತ ಇನ್ನೊಬ್ಬರು ಹೇಳಿದರು. ಮಗು ಅವಳಿಗೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ವಿಡಿಯೋದಲ್ಲಿ ಸಿಕ್ಕಿತು ಅಂತ ಹೇಳಬೇಡಿ.

ಓನರು ಆ ರೂಮಿಗೆ ಸುಣ್ಣ ಬಳಿಸಿ ವಾರದೊಳಗೆ ಬೇರೆಯವರಿಗೆ ಕೊಟ್ಟರು. ಭಾನುವಾರ ಮಧ್ಯಾಹ್ನ ನಾದಿನಿ ಬಂದು, "ಪಕ್ಕದಲ್ಲಿ ಹೊಸಬರು ಬಂದಿದ್ದಾರಲ್ಲ, ಆ ಹೆಂಗಸಿನ ಕಣ್ಣು ನೋಡಿದ್ರಾ, ಅತ್ತು ಅತ್ತು ಊದಿದೆ. ಹೋಗೋಣ ಬನ್ನಿ ಅಕ್ಕ" ಅಂದಳು. ನಾನು ಸೆರಗು ಸರಿ ಮಾಡಿಕೊಂಡು, ಪೆನ್ನು ತೆಗೆದುಕೊಂಡು, ಅವಳ ಹಿಂದೆ ಹೋದೆ.